ಕೂತವರ ಹಕ್ಕಿ, ಕೂತವರ ಹಕ್ಕು

ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ವರ್ಷದ ಅತಿ ದೊಡ್ಡ ಉಬ್ಬರ ಬರುತ್ತದೆ. ಇಲ್ಲಿಯವರು ಅದನ್ನು ಕಿಂಗ್ ಟೈಡ್ ಎನ್ನುತ್ತಾರೆ. ಅಂಥ ಒಂದು ಡಿಸೆಂಬರ್ ಬೆಳಿಗ್ಗೆ ನಾನು ಪಾಲೊ ಆಲ್ಟೊದ ಬೇಲ್ಯಾಂಡ್ಸ್‌ನಲ್ಲಿ ಒಂದು ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಉಪ್ಪುನೀರಿನ ಜವುಗು. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಭೂಮಿಯನ್ನು ನೋಡಿದವರಿಗೆ ಇದರ ಚಿತ್ರ ಸುಲಭವಾಗಿ ಸಿಕ್ಕೀತು. ನೀರು ಸದ್ದಿಲ್ಲದೆ ಏರಿತು. ಮೊದಲು ಕಾಲುವೆಗಳು ತುಂಬಿದವು, ಆಮೇಲೆ ಹುಲ್ಲಿನ ಬುಡ, ಆಮೇಲೆ ಹುಲ್ಲಿನ ತುದಿ. ಹತ್ತು ಗಂಟೆ ದಾಟಿದ ಮೇಲೆ, ನನ್ನಿಂದ ಹದಿನೈದಿಪ್ಪತ್ತು ಅಡಿ ದೂರದ ಒಂದು ಪೊದೆಯಿಂದ ಕೋಳಿ ಗಾತ್ರದ ಹಕ್ಕಿಯೊಂದು ಹೊರಗೆ ಬಂತು. ಕಂದು ಬೆನ್ನು, ದಾಲ್ಚಿನ್ನಿ ಬಣ್ಣದ ಎದೆ, ತುಸುವೇ ಬಾಗಿದ ಉದ್ದ ಕೊಕ್ಕು. ಹೆಜ್ಜೆಗೊಮ್ಮೆ ಮೋಟು ಬಾಲವನ್ನು ಮೇಲಕ್ಕೆ ಚಿಮ್ಮಿಸುತ್ತಿತ್ತು. ಆಗೆಲ್ಲ ಬಾಲದಡಿಯ ಬಿಳುಪು ಒಂದು ಕ್ಷಣ ಮಿಂಚಿ ಮರೆಯಾಗುತ್ತಿತ್ತು.

ಅದು ರಿಡ್ಜ್‌ವೇ ನೀರುಕೋಳಿ. ನಮ್ಮ ಕೆರೆಯಂಚಿನ ಹುಂಡುಕೋಳಿಯ ಬಳಗದ್ದು. ಕ್ಯಾಲಿಫೋರ್ನಿಯಾದ ಈ ಕೊಲ್ಲಿಯ ನೀರುಕೋಳಿ 1970ರಿಂದ ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಮಾಮೂಲಿ ದಿನಗಳಲ್ಲಿ ಅದು ಕಾಣುವುದಿಲ್ಲ, ಹುಲ್ಲಿನೊಳಗಿಂದ ಚಪ್ಪಾಳೆಯಂಥ ಕೂಗು ಮಾತ್ರ ಕೇಳುತ್ತದೆ. ಅದನ್ನು ನೋಡಬೇಕೆಂದು ಜವುಗಿನ ಸುತ್ತ ಮೈಲಿಗಟ್ಟಲೆ ನಡೆದವರಿದ್ದಾರೆ. ನಾನು ನಡೆಯಲಿಲ್ಲ. ಉಬ್ಬರದ ವೇಳಾಪಟ್ಟಿ ನೋಡಿಕೊಂಡು, ನೀರು ತುಂಬುವ ಒಂದು ಗಂಟೆ ಮೊದಲು ಬಂದು ಕೂತೆ. ನೀರೇ ಹಕ್ಕಿಯನ್ನು ನನ್ನ ಬಳಿಗೆ ತಂದಿತು.

ನಡೆಯದೇ ಇದ್ದದ್ದಕ್ಕೆ ಕಾರಣವಿದೆ. ಪ್ರಯೋಗಾಲಯದಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು ಕೆಲಸ ಮಾಡುತ್ತಿದ್ದ ನನ್ನ ಮೈ ಒಂದು ವೈರಸ್ ಜ್ವರದ ನಂತರ ಮೊದಲಿನಂತಾಗಲೇ ಇಲ್ಲ. ಕಾಯಿಲೆಗೆ ಎಂಇ/ಸಿಎಫ್‌ಎಸ್ ಎಂಬ ಹೆಸರಿದೆ. ‘ದೀರ್ಘ ದಣಿವಿನ ಕಾಯಿಲೆ’ ಎಂದು ಕನ್ನಡಕ್ಕೆ ತಂದರೆ ಅದರ ಅರ್ಧ ಸತ್ಯವೂ ಬರುವುದಿಲ್ಲ. ದಣಿವಾದರೆ ಮಲಗಿ ಎದ್ದಾಗ ಹೋಗುತ್ತದೆ. ಇಲ್ಲಿ ಶ್ರಮದ ಲೆಕ್ಕ ತಡವಾಗಿ ಬರುತ್ತದೆ. ಇವತ್ತು ಮೈಗೆ ಅಥವಾ ಮನಸ್ಸಿಗೆ ಮಿತಿ ಮೀರಿ ಕೆಲಸ ಕೊಟ್ಟರೆ ಒಂದೆರಡು ದಿನ ಬಿಟ್ಟು ಮೈ ಕುಸಿಯುತ್ತದೆ. ಆ ಕುಸಿತ ದಿನಗಟ್ಟಲೆ, ಕೆಲವರಿಗೆ ವಾರಗಟ್ಟಲೆ ಉಳಿಯುತ್ತದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ವರದಿಯ ಪ್ರಕಾರ ಆ ದೇಶವೊಂದರಲ್ಲೇ 8,36,000ದಿಂದ 25 ಲಕ್ಷ ಜನರಿಗೆ ಈ ಕಾಯಿಲೆಯಿದೆ, ಅವರಲ್ಲಿ ಬಹುಪಾಲು ಜನರಿಗೆ ತಮ್ಮ ಕಾಯಿಲೆ ಇಂಥದ್ದೆಂದು ಯಾರೂ ಹೇಳಿಯೇ ಇಲ್ಲ. ಕೋವಿಡ್ ಬಂದ ಮೇಲೆ, ಲಾಂಗ್ ಕೋವಿಡ್‌ನ ರೂಪದಲ್ಲಿ, ಇದೇ ಬಗೆಯ ಕುಸಿತವನ್ನು ಇನ್ನೂ ಲಕ್ಷಾಂತರ ಜನ ಕಂಡರು.

ಕಾಯಿಲೆಯ ಮೊದಲ ವರ್ಷ ಒಬ್ಬ ವೈದ್ಯರು ನನಗೆ ದಿನವೂ ಸ್ವಲ್ಪ ಸ್ವಲ್ಪ ಹೆಚ್ಚು ನಡೆಯಲು ಹೇಳಿದರು. ಊರಿಂದ ಫೋನು ಮಾಡಿದಾಗ ಅಮ್ಮ ಹೇಳುತ್ತಿದ್ದುದೂ ಅದೇ: “ಸ್ವಲ್ಪ ಎದ್ದು ಓಡಾಡು ಮಗಾ, ಮೈ ಹಗುರಾಗುತ್ತೆ.” ಇಬ್ಬರ ಮಾತಿನಲ್ಲೂ ಕಾಳಜಿಯಿತ್ತು. ಇಬ್ಬರ ಮಾತನ್ನೂ ಕೇಳಿ ನಡೆದೆ, ಹಾಸಿಗೆ ಹಿಡಿದೆ. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಈ ಚಿಕಿತ್ಸೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ 2021ರಲ್ಲಿ ಕೈಬಿಟ್ಟಿತು. ರೋಗಿಗಳು ವರ್ಷಗಳಿಂದ ಹೇಳುತ್ತಿದ್ದುದನ್ನು ಮಾರ್ಗಸೂಚಿ ಒಪ್ಪಲು ಅಷ್ಟು ಕಾಲ ಬೇಕಾಯಿತು.

ಕಾಯಿಲೆ ಬಿದ್ದ ವಿಜ್ಞಾನಿಯ ಬಗ್ಗೆ ನಮ್ಮಲ್ಲಿ ಒಂದು ಸಿದ್ಧ ಕಥೆಯಿದೆ. ದೇಹ ಸೋತರೂ ಛಲ ಸೋಲಲಿಲ್ಲ, ಗಾಲಿಕುರ್ಚಿಯಲ್ಲಿ ಕೂತೇ ಬ್ರಹ್ಮಾಂಡವನ್ನು ಅಳೆದರು ಎಂಬ ಕಥೆ. ಶಾಲೆಯ ಭಾಷಣಗಳಲ್ಲಿ, ಪತ್ರಿಕೆಯ ಪುರವಣಿಗಳಲ್ಲಿ ಇದನ್ನು ಕೇಳುತ್ತಲೇ ಬೆಳೆದಿದ್ದೇವೆ. ಕಥೆ ಸುಳ್ಳಲ್ಲ. ಆದರೆ ಅದು ಎಲ್ಲ ಹೊರೆಯನ್ನೂ ಕಾಯಿಲೆಯವರ ಹೆಗಲಿಗೇ ಹೊರಿಸುತ್ತದೆ. ಗೆದ್ದರೆ ಅವರ ಛಲ, ಗೆಲ್ಲದಿದ್ದರೆ ಅವರ ಕೊರತೆ. ನಮ್ಮದೇನೂ ಇಲ್ಲ, ಚಪ್ಪಾಳೆ ತಟ್ಟಿದರೆ ಸಾಕು. ನಾನು ಹೇಳಬೇಕೆಂದಿರುವುದು ಬೇರೆ. ಕೂತು ನೋಡುವುದು ನಡೆದು ನೋಡುವುದಕ್ಕಿಂತ ಕೆಳಗಿನ ದರ್ಜೆಯ ನೋಟವಲ್ಲ, ಅದೂ ವಿಜ್ಞಾನದ ಒಂದು ವಿಧಾನ. ಹಾಗಿದ್ದ ಮೇಲೆ ಕೂರಲು ಜಾಗ ಕೊಡುವುದು ದಯೆಯ ಕೆಲಸವಾಗದೆ, ದೂರದರ್ಶಕವನ್ನೋ ಸೂಕ್ಷ್ಮದರ್ಶಕವನ್ನೋ ಒದಗಿಸುವಷ್ಟೇ ಸಹಜವಾದ ಕರ್ತವ್ಯವಾಗುತ್ತದೆ.

ಮೊದಲು ವಿಧಾನದ ಮಾತು. ಕಾರ್ನೆಲ್ ಪಕ್ಷಿ ಪ್ರಯೋಗಾಲಯ 2002ರಲ್ಲಿ ಶುರು ಮಾಡಿದ ಇ-ಬರ್ಡ್‌ಗೆ ಇಂದು ಜಗತ್ತಿನ ಎಲ್ಲೆಡೆಯಿಂದ ಹಕ್ಕಿಗಣತಿಯ ಪಟ್ಟಿಗಳು ಹೋಗುತ್ತವೆ. ಅದರಲ್ಲಿ ಪಟ್ಟಿ ಬರೆಯುವವರು ಎಷ್ಟು ಹೊತ್ತು ನೋಡಿದೆವು, ನಿಂತಲ್ಲೇ ನೋಡಿದೆವೋ ನಡೆಯುತ್ತಾ ನೋಡಿದೆವೋ ಎಂದು ತಿಳಿಸಬೇಕು. ಮೂವತ್ತು ಮೀಟರ್ ಒಳಗೇ ಇದ್ದು ಎಣಿಸಿದರೆ ಅದು ಸ್ಥಿರ ಗಣತಿ. ಅದನ್ನು ಅಲ್ಲಿ ಯಾರೂ ಅರೆಬರೆ ಕೆಲಸವೆಂದು ಭಾವಿಸುವುದಿಲ್ಲ. ಒಂದೇ ಜಾಗದಿಂದ, ಇಷ್ಟೇ ಹೊತ್ತು ಎಂದು ಗೊತ್ತುಮಾಡಿಕೊಂಡು ಮತ್ತೆ ಮತ್ತೆ ಎಣಿಸಿದರೆ, ಈ ವರ್ಷಕ್ಕೂ ಹೋದ ವರ್ಷಕ್ಕೂ ಹೋಲಿಕೆ ಸಾಧ್ಯವಾಗುತ್ತದೆ. ಹತ್ತು ಊರು ಸುತ್ತಿ ನೂರು ಹಕ್ಕಿ ನೋಡಿದವರ ಪಟ್ಟಿ ಅವರ ಪ್ರವಾಸದ ಕಥೆಯನ್ನೂ ಹೇಳುತ್ತದೆ. ಒಂದೇ ಕಿಟಕಿಯಿಂದ ಮೂರು ವರ್ಷ ಎಣಿಸಿದವರ ಪಟ್ಟಿ ಆ ಜಾಗದ ಕಥೆಯನ್ನು ಹೇಳುತ್ತದೆ. ಬಾರದೇ ಹೋದ ಹಕ್ಕಿಯೂ ಅದರಲ್ಲಿ ದಾಖಲಾಗುತ್ತದೆ.

ನನ್ನ ಮನೆಯ ಕಿಟಕಿಯಾಚೆ ಆನಾಸ್ ಹಮ್ಮಿಂಗ್‌ಬರ್ಡ್ ವರ್ಷವಿಡೀ ಇರುತ್ತದೆ. ಹಾಸಿಗೆ ಬಿಟ್ಟೇಳಲಾಗದ ವಾರಗಳಲ್ಲಿ ಗಂಡು ಹಕ್ಕಿ ಯಾವ ಕೊಂಬೆಯ ತುದಿಯಲ್ಲಿ ಕೂರುತ್ತದೆ, ಯಾರನ್ನು ಅಟ್ಟಿಸಿಕೊಂಡು ಹೋಗುತ್ತದೆ, ಎಷ್ಟು ಹೊತ್ತಿಗೆ ಅದೇ ಕೊಂಬೆಗೆ ಮರಳುತ್ತದೆ ಎಂಬುದನ್ನು ನೋಡುತ್ತಾ ಹೋದೆ. ಓಡಾಡುತ್ತಿದ್ದಾಗ ಅದನ್ನು ನೂರಾರು ಸಲ ‘ನೋಡಿದ್ದೆ’. ಅದಕ್ಕೊಂದು ದಿನಚರಿಯಿದೆ ಎಂಬುದು ಮಾತ್ರ ಗೊತ್ತಾಗಿರಲಿಲ್ಲ.

ಬಯಲಿನ ವಿಜ್ಞಾನಕ್ಕೆ ಗಟ್ಟಿ ಮೈ ಬೇಕೇ ಬೇಕು ಎನ್ನುವವರಿಗೆ ಇದೇ ಕ್ಯಾಲಿಫೋರ್ನಿಯಾದ ಇನ್ನೊಂದು ಉದಾಹರಣೆ ಇದೆ. ಕೊಲ್ಲಿಯಿಂದ ಈಶಾನ್ಯಕ್ಕೆ, ಡೇವಿಸ್‌ನ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದ ಗೀರಟ್ ವರ್ಮೇಯ್ ಮೂರರ ಹರೆಯದಲ್ಲೇ ದೃಷ್ಟಿ ಕಳೆದುಕೊಂಡವರು. ಅವರು ಕಪ್ಪೆಚಿಪ್ಪು, ಶಂಖಗಳನ್ನು ಬೆರಳಿನಿಂದ ಓದಿದರು. ಚಿಪ್ಪಿನ ಮೇಲಿನ ಒಡಕು, ಒಡಕು ಕೂಡಿಕೊಂಡ ಗುರುತು, ಬಾಯಂಚಿನ ದಪ್ಪ ಇವೆಲ್ಲ ಅವರ ಬೆರಳಿಗೆ ಸಿಕ್ಕಿದವು. ಬೇಟೆಯಾಡುವ ಏಡಿಗಳಿಗೂ ಬಲಿಯಾಗುವ ಶಂಖದ ಹುಳಗಳಿಗೂ ಕೋಟಿಗಟ್ಟಲೆ ವರ್ಷಗಳಿಂದ ನಡೆದ ಪೈಪೋಟಿಯನ್ನು ಅವರು ಜೀವವಿಕಾಸದ ಒಂದು ದೊಡ್ಡ ವಾದವಾಗಿ ಬೆಳೆಸಿದರು. 1992ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಪಡೆದರು. ಅವರ ಮಾತು ಬಂದಾಗಲೆಲ್ಲ ‘ಕಣ್ಣಿಲ್ಲದಿದ್ದರೂ’ ಎಂದು ಶುರು ಮಾಡುತ್ತೇವೆ. ಬೆರಳಿನಿಂದ ಓದಿದ್ದರಿಂದ ಅವರಿಗೆ ಏನೇನು ತಿಳಿಯಿತು ಎಂದು ಕೇಳುವುದು ಹೆಚ್ಚು ಒಳ್ಳೆಯ ಪ್ರಶ್ನೆ. ಡಾರ್ವಿನ್ ಕೂಡ ನಲವತ್ತು ವರ್ಷದಷ್ಟು ಕಾಲ ಕಾಯಿಲೆಯಲ್ಲೇ ಬದುಕಿದವರು. ಡೌನ್ ಹೌಸ್ ಎಂಬ ತಮ್ಮ ಮನೆಯಲ್ಲಿ ದಿನಕ್ಕೆ ಕೆಲವೇ ಗಂಟೆಗಳ ಕೆಲಸವನ್ನು ಅಳೆದು ಇಟ್ಟುಕೊಂಡು, ಪಾರಿವಾಳ, ಎರೆಹುಳು, ಬಳ್ಳಿಗಳಂಥ ಹತ್ತಿರದ ಜೀವಿಗಳನ್ನು ವರ್ಷಗಟ್ಟಲೆ ನೋಡಿದರು. ಹಾಗೆಂದು ಕಾಯಿಲೆಯನ್ನು ವರವೆಂದು ನಾನು ಎಂದೂ ಹೇಳಲಾರೆ. ನನ್ನಿಂದ ಅದು ಕಿತ್ತುಕೊಂಡದ್ದರ ಲೆಕ್ಕ ನನಗೆ ಗೊತ್ತಿದೆ. ಆದರೆ ದೇಹ ಬದಲಾದಾಗ ನೋಟದ ಕೋನವೂ ಬದಲಾಗುತ್ತದೆ. ಎಲ್ಲರೂ ಒಂದೇ ಬಗೆಯ ದೇಹದಿಂದ ನೋಡುವ ವಿಜ್ಞಾನಕ್ಕೆ ಒಂದೇ ಬಗೆಯ ಕುರುಡುಚುಕ್ಕೆ ಇರುತ್ತದೆ.

ಈಗ ಹಕ್ಕಿನ ಮಾತು. ನಾನು ಕೂತ ಬೆಂಚಿಗೂ ಒಂದು ಚರಿತ್ರೆಯಿದೆ, ಅದು ಈ ಕೊಲ್ಲಿಯ ಆಚೆ ದಡದಲ್ಲಿ ಶುರುವಾಗುತ್ತದೆ. ಹದಿನಾಲ್ಕರಲ್ಲಿ ಪೋಲಿಯೊ ಬಂದು ಕತ್ತಿನ ಕೆಳಗಿನ ಸ್ವಾಧೀನ ತಪ್ಪಿದ ಎಡ್ ರಾಬರ್ಟ್ಸ್ 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಓದಲು ಬಂದರು. ಅವರ ಉಸಿರಾಟದ ಯಂತ್ರಕ್ಕೆ ಹೊಂದುವ ಹಾಸ್ಟೆಲ್ ಕೋಣೆಯಿರಲಿಲ್ಲ. ಕ್ಯಾಂಪಸ್ಸಿನ ಕವೆಲ್ ಆಸ್ಪತ್ರೆಯೇ ಅವರ ವಸತಿಯಾಯಿತು. ಅವರ ಹಿಂದೆಯೇ ಬಂದ ಗಾಲಿಕುರ್ಚಿಯ ವಿದ್ಯಾರ್ಥಿಗಳು ಒಂದು ಗುಂಪು ಕಟ್ಟಿದರು. 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಜೀವನ ಕೇಂದ್ರ ಹುಟ್ಟಿತು. ನಮ್ಮನ್ನು ಗುಣಪಡಿಸುವವರೆಗೆ ಬದುಕನ್ನು ಮುಂದೂಡಬೇಡಿ, ಫುಟ್‌ಪಾತಿನ ಅಂಚನ್ನು ಇಳಿಜಾರು ಮಾಡಿ ಎಂಬುದು ಅವರ ವಾದದ ತಿರುಳು.

1977ರ ಏಪ್ರಿಲ್ 5ರಂದು ಸ್ಯಾನ್ ಫ್ರಾನ್ಸಿಸ್ಕೊದ ಕೇಂದ್ರ ಸರ್ಕಾರಿ ಕಚೇರಿಯೊಳಗೆ ಅಂಗವಿಕಲ ಚಳವಳಿಗಾರರು ಧರಣಿ ಕೂತರು. ಸರ್ಕಾರಿ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರನ್ನು ಹೊರಗಿಡಬಾರದು ಎಂದು 1973ರ ಪುನರ್ವಸತಿ ಕಾಯ್ದೆಯ 504ನೆಯ ಕಲಮು ಹೇಳಿತ್ತು. ಆದರೆ ಅದನ್ನು ಜಾರಿಗೆ ತರುವ ನಿಯಮಗಳಿಗೆ ನಾಲ್ಕು ವರ್ಷವಾದರೂ ಸಹಿ ಬಿದ್ದಿರಲಿಲ್ಲ. ಜುಡಿತ್ ಹ್ಯೂಮನ್, ಕಿಟ್ಟಿ ಕೋನ್ ಮುಂತಾದವರ ಮುಂದಾಳತ್ವದಲ್ಲಿ ಸುಮಾರು 150 ಜನ, ಔಷಧಿ, ಹಾಸಿಗೆ, ಸಹಾಯಕರ ವ್ಯವಸ್ಥೆ ಸರಿಯಾಗಿಲ್ಲದೆ, ಮೂರು ವಾರ ದಾಟಿದರೂ ಕಟ್ಟಡ ಬಿಡಲಿಲ್ಲ. ಓಕ್‌ಲ್ಯಾಂಡಿನ ಬ್ಲ್ಯಾಕ್ ಪ್ಯಾಂಥರ್ಸ್ ಕಾರ್ಯಕರ್ತರು ಬಿಸಿ ಊಟ ತಂದು ಬಡಿಸಿದರು. ಏಪ್ರಿಲ್ 28ರಂದು ನಿಯಮಗಳಿಗೆ ಸಹಿ ಬಿತ್ತು. 1990ರಲ್ಲಿ ಬಂದ ಅಂಗವಿಕಲರ ಹಕ್ಕುಗಳ ದೊಡ್ಡ ಕಾಯ್ದೆಗೆ ಇದು ಅಡಿಪಾಯ. ಇಂದು ಜವುಗಿನ ಮೇಲೆ ಗಾಲಿಕುರ್ಚಿ ಉರುಳುವಷ್ಟು ಸಮತಟ್ಟಾದ ಹಲಗೆಯ ದಾರಿ ಇದ್ದರೆ, ಅದರ ಒಂದೊಂದು ಹಲಗೆಯ ಕೆಳಗೂ ಆ ಧರಣಿಯಿದೆ. ಧರಣಿ ಎಂಬ ಮಾತಿನ ಬೆಲೆ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಕೂತು ಗೆದ್ದ ಹಕ್ಕು ಅದು.

ಆದರೆ ದೀರ್ಘ ಕಾಯಿಲೆಯವರ ಪಾಡು ಇಷ್ಟಕ್ಕೇ ಮುಗಿಯುವುದಿಲ್ಲ. ಗಾಲಿಕುರ್ಚಿ ಕಣ್ಣಿಗೆ ಕಾಣುತ್ತದೆ, ನನ್ನ ಕಾಯಿಲೆ ಕಾಣುವುದಿಲ್ಲ. ಇವತ್ತು ನಡೆದವರು ನಾಳೆ ಯಾಕೆ ನಡೆಯಲಾರರು ಎಂಬ ಅನುಮಾನ ಎದುರಿನವರ ಕಣ್ಣಲ್ಲಿ ಮೂಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇದನ್ನು ವಿವರಿಸಲು ಲೂಪಸ್ ಕಾಯಿಲೆಯಿದ್ದ ಕ್ರಿಸ್ಟೀನ್ ಮಿಸೆರಾಂಡಿನೊ 2003ರಲ್ಲಿ ಒಂದು ಉಪಾಯ ಬರೆದರು. ಹೋಟೆಲಿನ ಮೇಜಿನ ಮೇಲಿನ ಚಮಚಗಳನ್ನು ಒಟ್ಟುಮಾಡಿ ಗೆಳತಿಯ ಕೈಗಿಟ್ಟು, ದಿನಕ್ಕೆ ನಿನಗಿರುವ ಶಕ್ತಿ ಇಷ್ಟೇ ಎಂದರು. ಸ್ನಾನಕ್ಕೆ ಒಂದು ಚಮಚ ಹೋಯಿತು, ಅಡುಗೆಗೆ ಒಂದು ಹೋಯಿತು, ಮುಗಿದ ಮೇಲೆ ನಾಳೆಯ ಚಮಚವನ್ನು ಸಾಲ ತೆಗೆದರೆ ನಾಳೆಗೆ ಅಷ್ಟು ಕಡಿಮೆ. ಅಂದಿನಿಂದ ದೀರ್ಘ ಕಾಯಿಲೆಯವರ ನಡುವೆ ಚಮಚವೇ ಶಕ್ತಿಯ ನಾಣ್ಯ.

ಕೋವಿಡ್ ಕುರಿತ ಬರಹಗಳಿಗೆ 2021ರ ಪುಲಿಟ್ಜರ್ ಪಡೆದ ವಿಜ್ಞಾನ ಪತ್ರಕರ್ತ ಎಡ್ ಯಂಗ್, ಲಾಂಗ್ ಕೋವಿಡ್ ರೋಗಿಗಳ ಮಾತನ್ನು ಮೊದಮೊದಲೇ ನಂಬಿ ಬರೆದವರಲ್ಲಿ ಒಬ್ಬರು. 2023ರಲ್ಲಿ ಓಕ್‌ಲ್ಯಾಂಡಿಗೆ ಬಂದು ನೆಲೆಸಿದ ಮೇಲೆ ಅವರು ಹಕ್ಕಿ ನೋಡುವ ಹುಚ್ಚು ಹಚ್ಚಿಕೊಂಡರು. ಲಾಂಗ್ ಕೋವಿಡ್, ಎಂಇ/ಸಿಎಫ್‌ಎಸ್‌ನಂಥ ಕಾಯಿಲೆಯವರಿಗಾಗಿ ಕೊಲ್ಲಿ ಪ್ರದೇಶದಲ್ಲಿ ಒಂದು ಹಕ್ಕಿ ನೋಡುವ ಕೂಟ ಕಟ್ಟಿ, ಅದಕ್ಕೆ ಸ್ಪೂನ್‌ಬಿಲ್ ಕ್ಲಬ್ ಎಂದು ಹೆಸರಿಟ್ಟರು. ಚಮಚದ ಲೆಕ್ಕದವರಿಗೆ ಚಮಚಕೊಕ್ಕಿನ ಹಕ್ಕಿಯ ಹೆಸರು. ಟೆಕ್ಸಾಸಿನಲ್ಲಿ ಗಾಲಿಕುರ್ಚಿ ಬಳಸುವ ವರ್ಜೀನಿಯಾ ರೋಸ್ ಕಟ್ಟಿದ ಬರ್ಡೆಬಿಲಿಟಿ ಸಂಸ್ಥೆ, ಅಂಗವಿಕಲರು ತಲುಪಬಹುದಾದ ಹಕ್ಕಿತಾಣಗಳ ನಕಾಶೆ ಮಾಡುತ್ತಿದೆ. ದಾರಿ ಎಷ್ಟು ಇಳಿಜಾರು, ಮೊದಲ ಬೆಂಚು ಎಲ್ಲಿದೆ, ಶೌಚಾಲಯ ಇದೆಯೇ ಎಂಬ ಮಾಹಿತಿ ಅದರಲ್ಲಿ ಸಿಗುತ್ತದೆ. ಆರೋಗ್ಯವಂತರಿಗೆ ಇವು ಸಣ್ಣ ವಿವರಗಳು. ನನ್ನಂಥವರು ಮನೆಯಿಂದ ಹೊರಡುವುದೋ ಬೇಡವೋ ಎಂಬುದು ಇವುಗಳಿಂದಲೇ ತೀರ್ಮಾನವಾಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಊರನ್ನು ಬದಲಿಸಿದರೆ ಅಂಗವೈಕಲ್ಯವೇ ಇರುವುದಿಲ್ಲ ಎಂಬ ವಾದ ಈ ಕಾಯಿಲೆಗೆ ಪೂರ್ತಿ ಹೊಂದುವುದಿಲ್ಲ. ಜಗತ್ತಿನ ಎಲ್ಲ ಮೆಟ್ಟಿಲುಗಳನ್ನು ಇಳಿಜಾರು ಮಾಡಿದರೂ ನನ್ನ ಕುಸಿತ ನಿಲ್ಲುವುದಿಲ್ಲ. ನೋವು ದೇಹದ್ದೇ, ಅದಕ್ಕೆ ಬೇಕಾದದ್ದು ಸಂಶೋಧನೆ, ಔಷಧ. ಬೇಲ್ಯಾಂಡ್ಸ್‌ನಿಂದ ಸ್ವಲ್ಪವೇ ದೂರದ ಸ್ಟ್ಯಾನ್‌ಫೋರ್ಡ್‌ನಲ್ಲಿ ತಳಿವಿಜ್ಞಾನಿ ರಾನ್ ಡೇವಿಸ್ ತಮ್ಮ ಮಗನನ್ನು ಇದೇ ಕಾಯಿಲೆ ಹಾಸಿಗೆಗೆ ಕೆಡವಿದ ಮೇಲೆ ಪ್ರಯೋಗಾಲಯದ ಗಮನವನ್ನು ಇದರತ್ತ ತಿರುಗಿಸಿದರು. ಅಂಥ ಕೆಲಸ ಇನ್ನೂ ಬೇಕು. ಹಕ್ಕಿ ನೋಡುವುದು ಔಷಧವೂ ಅಲ್ಲ. ‘ಪ್ರಕೃತಿಯ ಮಡಿಲಲ್ಲಿ ಎಲ್ಲ ವಾಸಿಯಾಗುತ್ತದೆ’ ಎಂಬ ಮಾತು ‘ಎದ್ದು ಓಡಾಡು’ ಎಂಬುದರ ಸಿಹಿ ಲೇಪನ ಅಷ್ಟೆ. ಮನೆಯ ಕಿಟಕಿಯ ಪರದೆಯನ್ನೂ ಸರಿಸಲಾಗದಷ್ಟು ಕಾಯಿಲೆಯವರಿದ್ದಾರೆ. ಅವರನ್ನು ಬೆಂಚಿನ ಮಾತು ಮುಟ್ಟುವುದಿಲ್ಲ ಎಂಬುದೂ ನನಗೆ ಗೊತ್ತು.

ಆದರೂ ಬೆಂಚಿನ ವಾದವನ್ನು ನಾನು ಬಿಟ್ಟುಕೊಡಲಾರೆ. ಅದಕ್ಕೆ ಕಾರಣ ಆ ನೀರುಕೋಳಿಯೇ. ದೊಡ್ಡ ಉಬ್ಬರ ಬಂದಾಗ ಅದು ಹೊರಗೆ ಬರುವುದು ನಮಗೆ ದರ್ಶನ ಕೊಡಲು ಅಲ್ಲ. ಅಡಗುವ ಜಾಗ ಮುಳುಗಿರುತ್ತದೆ, ಅದು ಪ್ರಾಣಭಯದಲ್ಲಿ ಹೊರಬಂದಿರುತ್ತದೆ. ಆ ಹೊತ್ತಿಗೆ ಗಿಡುಗಗಳೂ ಕಾದಿರುತ್ತವೆ. ಹಿಂದೆ ಜವುಗು ಮೆಲ್ಲಗೆ ಏರುತ್ತಾ ಎತ್ತರದ ಹುಲ್ಲುಗಾವಲನ್ನು ಸೇರುತ್ತಿತ್ತು. ನೀರು ಏರಿದರೆ ಹಕ್ಕಿಯೂ ಹಿಂದಕ್ಕೆ ಸರಿದು ಪೊದೆಯಲ್ಲಿ ಅಡಗಬಹುದಿತ್ತು. ಒಂದೂವರೆ ಶತಮಾನದಲ್ಲಿ ಮನುಷ್ಯರು ಉಪ್ಪಿನ ಕೊಳಗಳಿಗಾಗಿ, ರಸ್ತೆಗಾಗಿ, ಊರಿಗಾಗಿ ಒಡ್ಡು ಹಾಕಿದರು. ಜವುಗಿನ ಬಹುಭಾಗ ಹೋಯಿತು, ಉಳಿದದ್ದರ ಹಿಂಬದಿಗೆ ಗೋಡೆಯಂತೆ ಒಡ್ಡು ನಿಂತಿತು. ಓಕ್‌ಲ್ಯಾಂಡಿನ ಆರೋಹೆಡ್ ಜವುಗಿನಲ್ಲಿ ಸಂರಕ್ಷಕರು ಈ ಹಕ್ಕಿಗಾಗಿ ಹೊದಿಕೆಯಿರುವ ತೇಲುವ ಅಟ್ಟಣೆಗಳನ್ನು ಇಟ್ಟರು. ನೀರು ಏರಿದಂತೆ ಅವೂ ಏರುತ್ತವೆ, ಹಕ್ಕಿ ಹತ್ತಿ ಕೂರುತ್ತದೆ. ಕೊಲ್ಲಿಯ ದಕ್ಷಿಣದಲ್ಲಿ 2003ರಲ್ಲಿ ಕೊಂಡುಕೊಂಡ 15,100 ಎಕರೆ ಉಪ್ಪಿನ ಕೊಳಗಳನ್ನು ಮತ್ತೆ ಜವುಗಾಗಿಸುವ ಕೆಲಸವೂ ನಡೆದಿದೆ.

ಹಕ್ಕಿಗೆ ಛಲ ಸಾಲದು ಎಂದು ಯಾರೂ ಅನ್ನಲಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಹೆಚ್ಚು ಹಾರಲು ಕಲಿ ಎಂದು ಯಾರೂ ಹೇಳಲಿಲ್ಲ. ಅದರ ದೇಹ ಇರುವುದೇ ಹಾಗೆ, ಕಳೆದುಹೋಗಿರುವುದು ನೆಲ ಎಂದು ಅರ್ಥ ಮಾಡಿಕೊಂಡು ಅಟ್ಟಣೆ ಕಟ್ಟಿದರು. ಅಟ್ಟಣೆಯಿಂದ ಉಬ್ಬರ ನಿಲ್ಲುವುದಿಲ್ಲ, ಗಿಡುಗ ಹೋಗುವುದಿಲ್ಲ. ಉಬ್ಬರ ಇಳಿಯುವ ತನಕ ಬದುಕಲು ಆಸರೆ ಸಿಗುತ್ತದೆ. ಬೆಂಚು ನನಗೆ ಮಾಡಿದ್ದೂ ಅಷ್ಟೇ. ಒಂದು ಹಕ್ಕಿಯ ವಿಷಯದಲ್ಲಿ ನಮಗೆ ಇಷ್ಟು ಸುಲಭವಾಗಿ ತಿಳಿಯುವುದು ಮನುಷ್ಯರ ವಿಷಯದಲ್ಲಿ ಯಾಕೆ ತಿಳಿಯುವುದಿಲ್ಲ?

ವಿಶ್ವವಿದ್ಯಾಲಯ, ಪ್ರಯೋಗಾಲಯಗಳಿಗೂ ಇದೇ ಪ್ರಶ್ನೆ. ದಿನಕ್ಕೆ ಎರಡು ಗಂಟೆ ಮಾತ್ರ ಚೆನ್ನಾಗಿ ಯೋಚಿಸಬಲ್ಲ ವಿಜ್ಞಾನಿಗೆ ಆ ಎರಡು ಗಂಟೆಯ ಕೆಲಸ ಕೊಡಲು ನಮ್ಮ ಸಂಸ್ಥೆಗಳಿಗೆ ಗೊತ್ತಿಲ್ಲ. ಪೂರ್ತಿ ದಿನ ಬಾ, ಇಲ್ಲವೇ ಬರಲೇಬೇಡ ಎನ್ನುತ್ತವೆ. ಮನೆಯಿಂದ ದತ್ತಾಂಶ ವಿಶ್ಲೇಷಿಸಲು ಅವಕಾಶ, ಮಲಗಿಯೇ ಸೇರಬಹುದಾದ ಸಭೆ, ಅನುದಾನದ ಗಡುವಿನಲ್ಲಿ ಸಡಿಲಿಕೆ ಇವೆಲ್ಲ ತೇಲುವ ಅಟ್ಟಣೆಗಳೇ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಬೇಕಾದಾಗ ಇವೆಲ್ಲ ಕೆಲವೇ ವಾರಗಳಲ್ಲಿ ಸಾಧ್ಯವಾದವು. ಆರೋಗ್ಯವಂತರಿಗೆ ಬೇಡವಾದ ಕೂಡಲೇ ಎಷ್ಟೋ ಕಡೆ ಕಿತ್ತುಹಾಕಿದರು.

ನಮ್ಮ ನಾಡಿನಲ್ಲೂ ಇದನ್ನು ಯೋಚಿಸಬೇಕಾದ ಕಾಲ ಬಂದಿದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ ಅದರಲ್ಲಿವೆ. ಲಾಂಗ್ ಕೋವಿಡ್, ಎಂಇ/ಸಿಎಫ್‌ಎಸ್ ಹೆಸರು ಅಲ್ಲಿಲ್ಲ. ಅಮೆರಿಕದ ಸರ್ಕಾರ 2021ರ ಜುಲೈನಲ್ಲೇ ಲಾಂಗ್ ಕೋವಿಡ್ ಕೂಡ ಅಂಗವೈಕಲ್ಯವಾಗಬಹುದು ಎಂದು ಮಾರ್ಗದರ್ಶನ ಕೊಟ್ಟಿತು. ನಮ್ಮಲ್ಲಿ ಕಾಣದ ಕಾಯಿಲೆಯವರು ಇನ್ನೂ ‘ಸೋಮಾರಿ’ ಎಂಬ ಮಾತನ್ನು ನುಂಗಿಕೊಂಡು ಬದುಕುತ್ತಿದ್ದಾರೆ.

ಸ್ಪೂನ್‌ಬಿಲ್ ಕ್ಲಬ್ಬಿನ ಹೆಸರು ಕೇಳಿದಾಗ ನನಗೆ ಮೊದಲು ನೆನಪಾದದ್ದು ರಂಗನತಿಟ್ಟು. ಚಮಚಕೊಕ್ಕಿನ ಹಕ್ಕಿಯನ್ನು ನಾನು ಮೊದಲು ನೋಡಿದ್ದು ಅಲ್ಲಿ. ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ 1940ರಲ್ಲಿ ಕಾವೇರಿಯ ಆ ನಡುಗಡ್ಡೆಗಳನ್ನು ಪಕ್ಷಿಧಾಮ ಮಾಡಿತು. ಅಲ್ಲಿ ಹಕ್ಕಿ ನೋಡುವುದು ಹೇಗೆಂದು ನೆನಪಿಸಿಕೊಳ್ಳಿ. ಎಲ್ಲರೂ ದೋಣಿಯಲ್ಲಿ ಕೂತಿರುತ್ತೇವೆ. ಎಂಟು ವರ್ಷದ ಮಗು, ಎಂಬತ್ತರ ಅಜ್ಜಿ, ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡ ಗಟ್ಟಿಮುಟ್ಟಾದ ಹುಡುಗ, ಎಲ್ಲರ ನೋಟವೂ ಒಂದೇ ಎತ್ತರದಲ್ಲಿರುತ್ತದೆ. ದೋಣಿಯವರು ಹುಟ್ಟು ನಿಲ್ಲಿಸಿದಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತೇವೆ. ಆ ಅರ್ಧ ಗಂಟೆ ಅಲ್ಲಿ ಯಾರೂ ಅಂಗವಿಕಲರಲ್ಲ. ದೋಣಿ ಹತ್ತುವಾಗ, ಇಳಿಯುವಾಗ ಮಾತ್ರ ಜನ ಎರಡು ಪಾಲಾಗುತ್ತಾರೆ. ನಾವು ಕಟ್ಟಬೇಕಾಗಿರುವುದು ಆ ನಾಲ್ಕು ಹೆಜ್ಜೆಯ ದಾರಿಯನ್ನು. ಊರೂರಿನ ಕೆರೆಯ ಏರಿಯ ಮೇಲೆ ನೂರಿನ್ನೂರು ಹೆಜ್ಜೆಗೊಂದು ಬೆಂಚು, ಅದಕ್ಕೊಂದು ನೆರಳು, ಅಲ್ಲಿಗೆ ಮುಟ್ಟಲು ಕಲ್ಲು ಎಡವದ ದಾರಿ ಇಷ್ಟನ್ನು ಕೇಳುವುದು ದೊಡ್ಡ ಆಸೆಯೇನಲ್ಲ.

ಆ ಡಿಸೆಂಬರ್ ಬೆಳಿಗ್ಗೆಯ ಬೆಲೆಯಾಗಿ ನಾನು ಮುಂದಿನ ಎರಡು ದಿನ ಕತ್ತಲೆ ಕೋಣೆಯಲ್ಲಿ ಮಲಗಿದ್ದೆ. ಬೆಂಚು ಇರದಿದ್ದರೆ ಅದು ಎರಡು ವಾರವಾಗುತ್ತಿತ್ತು, ಇಲ್ಲವೇ ನಾನು ಹೊರಡುತ್ತಲೇ ಇರಲಿಲ್ಲ. ಮೂರನೆಯ ದಿನ ಎದ್ದು ಪಟ್ಟಿ ಕಳಿಸಿದೆ. ಸ್ಥಿರ ಗಣತಿ, ಐವತ್ತು ನಿಮಿಷ, ರಿಡ್ಜ್‌ವೇ ನೀರುಕೋಳಿ ಒಂದು. ದಾಖಲೆಯಲ್ಲಿ ನನ್ನ ಕಾಯಿಲೆಯ ಸುದ್ದಿ ಎಲ್ಲೂ ಇಲ್ಲ. ಒಂದು ಹಕ್ಕಿ ಆ ದಿನ ಅಲ್ಲಿ ಬದುಕಿತ್ತು, ಅದನ್ನು ಒಬ್ಬರು ಕೂತು ನೋಡಿದರು ಎಂಬುದಷ್ಟೇ ಇದೆ.